ಹಾಗೆ ಮಾಡಿದ್ದರೆ ಉಳಿಯುತ್ತಿದ್ದರಾ? ದುಃಖದೊಳಗಿನ ಚೌಕಾಸಿಯನ್ನು ಅರಿತು ನಿಭಾಯಿಸುವ ಬಗೆ

ಆಪ್ತರೊಬ್ಬರು ತೀರಿಕೊಂಡ ಮೇಲೆ ತುಂಬಾ ಜನರ ಮನಸ್ಸಿನಲ್ಲಿ ಒಂದು ವಿಚಾರಣೆ ಶುರುವಾಗುತ್ತದೆ. ಒಂದು ದಿನ ಮೊದಲೇ ಆಸ್ಪತ್ರೆಗೆ ಸೇರಿಸಿದ್ದರೆ? ಆ ಫೋನ್ ಎತ್ತಿದ್ದರೆ? ಅವತ್ತು ಜಗಳ ಆಡದೆ ಇದ್ದಿದ್ದರೆ? ಬೇರೆ ಡಾಕ್ಟರಿಗೆ ತೋರಿಸಿದ್ದರೆ? ಹಗಲಲ್ಲಿ ಕೆಲಸದ ಗಡಿಬಿಡಿಯಲ್ಲಿ ಈ ಪ್ರಶ್ನೆಗಳು ಸ್ವಲ್ಪ ಅಡಗಿರುತ್ತವೆ. ರಾತ್ರಿ ದೀಪ ಆರಿಸಿದ ಕೂಡಲೇ ಎದ್ದು ಕೂರುತ್ತವೆ. ಅದೇ ದಿನ, ಅದೇ ಗಂಟೆ, ಅದೇ ಮಾತು. ಪ್ರತಿ ಸಲವೂ ಮನಸ್ಸು ಎಲ್ಲೋ ಒಂದು ಕಡೆ ಸಣ್ಣ ಬದಲಾವಣೆ ಮಾಡಿ ನೋಡುತ್ತದೆ. ಕೊನೆ ಮಾತ್ರ ಬದಲಾಗುವುದಿಲ್ಲ.

ಇದನ್ನೇ ದುಃಖದ ಚೌಕಾಸಿ ಎನ್ನುತ್ತಾರೆ. ಆಗಿಹೋದದ್ದನ್ನು ಹೇಗಾದರೂ ಅಳಿಸಿಹಾಕಲು, ಇಲ್ಲವೇ ಆಗಲಿರುವುದನ್ನು ತಡೆಯಲು, ಮನಸ್ಸು ಒಳಗೊಳಗೇ ನಡೆಸುವ ಮಾತುಕತೆ ಇದು. ದೇವರೊಂದಿಗೆ, ವಿಧಿಯೊಂದಿಗೆ, ಡಾಕ್ಟರೊಂದಿಗೆ, ಕೆಲವೊಮ್ಮೆ ತನ್ನೊಂದಿಗೇ. ಇಂಥ ಯೋಚನೆ ಬಂದರೆ ತಲೆ ಕೆಡುತ್ತಿದೆ ಎಂದು ಹೆದರಬೇಡಿ. ಪ್ರೀತಿಸಿದವರನ್ನು ಕಳೆದುಕೊಂಡವರಲ್ಲಿ ಇದು ತೀರಾ ಸಾಮಾನ್ಯ.

ಇದನ್ನು ನಿಭಾಯಿಸುವ ಬಗ್ಗೆ ನನ್ನ ಗಟ್ಟಿ ಅಭಿಪ್ರಾಯ ಒಂದಿದೆ. ಈ ವಾದದಲ್ಲಿ ಗೆಲ್ಲಲು ಹೋಗಬಾರದು. ಅದರ ಬಾಯಿ ಮುಚ್ಚಿಸಲೂ ಹೋಗಬಾರದು. ಅದು ಏನು ಹೇಳುತ್ತಿದೆ ಎಂದು ಒಮ್ಮೆ ಪೂರ್ತಿ ಕೇಳಿಸಿಕೊಳ್ಳಬೇಕು. ಅರ್ಧ ಕೇಳಿ ಓಡಿಸಿದ ಪ್ರಶ್ನೆಯೇ ಮತ್ತೆ ಮತ್ತೆ ಬಂದು ಬಾಗಿಲು ಬಡಿಯುವುದು. ಮುಂದಿನ ಹೆಜ್ಜೆಗಳೆಲ್ಲ ಹೀಗೆ ಕೇಳಿಸಿಕೊಳ್ಳುವ ದಾರಿಗಳು.

ಇದು ಯಾವ ಯಾವ ವೇಷದಲ್ಲಿ ಬರುತ್ತದೆ

ಸಾವಿಗೆ ಮೊದಲು ಬರುವ ಚೌಕಾಸಿ ಮುಂದಿನ ಕಾಲದ್ದು. "ಇದೊಂದು ಸಲ ಉಳಿಸಿಕೊಡು, ಇನ್ನು ಮೇಲೆ ಕುಡಿಯುವುದಿಲ್ಲ." "ಮಗುವಿನ ಕಾಯಿಲೆ ನನಗೆ ಬರಲಿ, ಅದು ಚೆನ್ನಾಗಿರಲಿ." "ಇನ್ನೊಂದು ವರ್ಷ ಕೊಡು, ಸಾಕು." ಕಾಯಿಲೆ ಬಿದ್ದವರೂ ಹೀಗೆ ಬೇಡುತ್ತಾರೆ, ಪಕ್ಕದಲ್ಲಿ ಕೂತವರೂ ಬೇಡುತ್ತಾರೆ. ಯಾರೂ ಜೋರಾಗಿ ಹೇಳಿಕೊಳ್ಳುವುದಿಲ್ಲ.

ಸಾವಿನ ನಂತರದ್ದು ಹಿಂದಿನ ಕಾಲದ್ದು. ಅಲ್ಲಿ ಬೇಡುವುದಕ್ಕೆ ಏನೂ ಉಳಿದಿರುವುದಿಲ್ಲ. ಆದ್ದರಿಂದ ಬೇಡಿಕೆ ಹೋಗಿ "ಹಾಗೆ ಮಾಡಿದ್ದರೆ" ಬರುತ್ತದೆ, ಅದರ ಬೆನ್ನಿಗೇ ತಪ್ಪಿತಸ್ಥ ಭಾವವೂ ಬರುತ್ತದೆ.

ಸಂಬಂಧ ಮುರಿದಾಗ ಇದು ಇನ್ನೊಂದು ರೂಪ ತಾಳುತ್ತದೆ. "ನಾನು ಬದಲಾಗುತ್ತೇನೆ, ಇನ್ನೊಂದು ಅವಕಾಶ ಕೊಡು." ಕೆಲಸ ಹೋದಾಗ, ಗರ್ಭ ನಿಲ್ಲದೆ ಹೋದಾಗ, ಸಾಕಿದ ನಾಯಿ ಸತ್ತಾಗ, ತನಗೇ ದೊಡ್ಡ ಕಾಯಿಲೆ ಇದೆ ಎಂದು ಗೊತ್ತಾದಾಗಲೂ ಚೌಕಾಸಿ ಇರುತ್ತದೆ. ಕೆಲವರಲ್ಲಿ ಇದಕ್ಕೆ ಮಾತಿನ ರೂಪವೇ ಇರುವುದಿಲ್ಲ. ಹೋದವರ ಫೋನಿನ ಚಾರ್ಜ್ ಇಳಿಯದಂತೆ ನೋಡಿಕೊಳ್ಳುವುದು, ಅವರ ಚಪ್ಪಲಿ ಇಟ್ಟ ಜಾಗದಲ್ಲೇ ಇರಲಿ ಎನ್ನುವುದು, ವೈದ್ಯಕೀಯ ವರದಿಗಳನ್ನು ತಿಂಗಳುಗಟ್ಟಲೆ ತಿರುವಿ ಹಾಕುವುದು. ಎಲ್ಲೋ ಒಂದು ಕಡೆ, ನಾನು ಸರಿಯಾಗಿ ನಡೆದುಕೊಂಡರೆ ಅವರು ವಾಪಸ್ಸು ಬರಬಹುದು ಎಂಬ ಆಸೆ ಇನ್ನೂ ಉಸಿರಾಡುತ್ತಿರುತ್ತದೆ.

ಐದು ಹಂತಗಳ ಮಾತು ಎಲ್ಲಿಂದ ಬಂತು

ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು. ಈ ಐದು ಹೆಸರುಗಳನ್ನು ಜನರ ಬಾಯಿಗೆ ತಂದವರು ಎಲಿಜಬೆತ್ ಕ್ಯೂಬ್ಲರ್-ರಾಸ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಮನೋವೈದ್ಯೆ. ಶಿಕಾಗೋದ ಆಸ್ಪತ್ರೆಯಲ್ಲಿ ಸಾವಿನಂಚಿನಲ್ಲಿದ್ದ ರೋಗಿಗಳ ಹತ್ತಿರ ಕೂತು ಮಾತಾಡಿಸಿ, 1969ರಲ್ಲಿ ಪುಸ್ತಕ ಬರೆದರು. ಆಗಿನ ಕಾಲಕ್ಕೆ ಅದು ದೊಡ್ಡ ಧೈರ್ಯ. ಸಾಯುತ್ತಿರುವವರ ಮುಂದೆ ಸಾವಿನ ಮಾತೆತ್ತಲು ವೈದ್ಯರೇ ಹಿಂಜರಿಯುತ್ತಿದ್ದರು.

ಅವರು ಬರೆದ ಒಂದು ಪ್ರಸಂಗ ಚೌಕಾಸಿಯನ್ನು ಚೆನ್ನಾಗಿ ತೋರಿಸುತ್ತದೆ. ವಿಪರೀತ ನೋವಿನಲ್ಲಿದ್ದ ಒಬ್ಬ ತಾಯಿಗೆ ಮಗನ ಮದುವೆ ನೋಡುವ ಆಸೆ. ಅಷ್ಟರವರೆಗೆ ಬದುಕಿದರೆ ಸಾಕು, ಏನು ಬೇಕಾದರೂ ಮಾಡುತ್ತೇನೆ ಎನ್ನುತ್ತಿದ್ದರು. ಹೇಗೋ ತಯಾರಾಗಿ ಮದುವೆಗೆ ಹೋಗಿಯೂ ಬಂದರು. ಸುಸ್ತಾಗಿ ಆಸ್ಪತ್ರೆಗೆ ಮರಳಿದವರು ಕ್ಯೂಬ್ಲರ್-ರಾಸ್ ಬಾಯಿ ತೆರೆಯುವ ಮೊದಲೇ, ತನಗೆ ಇನ್ನೊಬ್ಬ ಮಗನೂ ಇದ್ದಾನೆ ಎಂದು ನೆನಪಿಸಿದರು. ಚೌಕಾಸಿಯ ಗುಣವೇ ಅದು. ಕೇಳಿದ್ದು ಸಿಕ್ಕಿದರೂ ಮುಗಿಯುವುದಿಲ್ಲ. ಯಾಕೆಂದರೆ ನಿಜವಾಗಿ ಬೇಕಾಗಿರುವುದು ಬದುಕು.

ಇಲ್ಲಿ ಎರಡು ವಿಷಯ ತಿಳಿದಿರಬೇಕು. ಒಂದು, ಆ ಹಂತಗಳನ್ನು ಮೊದಲು ವಿವರಿಸಿದ್ದು ಸಾಯುತ್ತಿರುವವರ ಬಗ್ಗೆ. ಉಳಿದವರ ದುಃಖಕ್ಕೆ ಅದನ್ನು ಅನ್ವಯಿಸಿದ್ದು ಆಮೇಲೆ. ಎರಡು, ಒಂದಾದ ಮೇಲೆ ಒಂದು ಹತ್ತಬೇಕಾದ ಮೆಟ್ಟಿಲುಗಳಲ್ಲ ಅವು. 2007ರಲ್ಲಿ ಅಮೆರಿಕದಲ್ಲಿ 233 ಜನರ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಆಪ್ತರನ್ನು ಕಳೆದುಕೊಂಡವರಲ್ಲಿ ಸಿಟ್ಟು, ಖಿನ್ನತೆಗಿಂತ ಜಾಸ್ತಿ ಕಂಡದ್ದು ಹಂಬಲ, ಅಂದರೆ ಅವರು ಬೇಕು ಎಂಬ ತೀವ್ರ ತುಡಿತ. ಸಾವನ್ನು ಒಪ್ಪಿಕೊಳ್ಳುವ ಭಾವವೂ ಶುರುವಿನಿಂದಲೇ ಬಹಳ ಜನರಲ್ಲಿ ಇತ್ತು. ಅಂದರೆ ಒಪ್ಪಿಕೊಂಡ ಮೇಲೂ ಹಂಬಲ ಇರಬಹುದು. ಬೆಳಿಗ್ಗೆ ಸಮಾಧಾನದಿಂದ ಇದ್ದವರು ಸಂಜೆ ಮತ್ತೆ "ಹಾಗೆ ಮಾಡಿದ್ದರೆ" ಎನ್ನಬಹುದು. ನಿಮಗೆ ಚೌಕಾಸಿ ಬರದೇ ಇರಬಹುದು. ಎರಡು ವರ್ಷವಾದ ಮೇಲೆ ತಟ್ಟನೆ ಬರಲೂಬಹುದು. ಎರಡೂ ಸರಿಯೇ.

ಮನಸ್ಸು ಯಾಕೆ ಹೀಗೆ ಮಾಡುತ್ತದೆ

ಮೊದಲನೇ ಕಾರಣ, ಕೊನೆ ಗೊತ್ತಾದ ಮೇಲೆ ಎಲ್ಲವೂ ಮೊದಲೇ ಗೊತ್ತಿತ್ತು ಅನ್ನಿಸುವುದು. ಮನಶ್ಶಾಸ್ತ್ರಜ್ಞ ಬರೂಕ್ ಫಿಷಾಫ್ 1975ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಒಂದು ಹಳೆಯ ಯುದ್ಧದ ವಿವರ ಓದಲು ಕೊಟ್ಟರು. ಒಂದೊಂದು ಗುಂಪಿಗೆ ಒಂದೊಂದು ಫಲಿತಾಂಶ ಹೇಳಿದರು. ತಮಗೆ ಯಾವ ಫಲಿತಾಂಶ ಹೇಳಿದ್ದರೋ, ಅದೇ ಆಗುವ ಸಾಧ್ಯತೆ ಮೊದಲಿಂದಲೂ ಹೆಚ್ಚಿತ್ತು ಎಂದು ಜನ ಅಂದುಕೊಂಡರು. ನಿಮಗೂ ಈಗ ಹೀಗೇ ಆಗುತ್ತಿದೆ. "ಎದೆ ಉರಿ ಅಂದಾಗಲೇ ನನಗೆ ಗೊತ್ತಾಗಬೇಕಿತ್ತು" ಅನ್ನಿಸುತ್ತದೆ. ಆದರೆ ಆ ಹೊತ್ತಿನಲ್ಲಿ ಅದು ನೂರು ಸಲ ಬಂದು ಹೋದ ಎದೆಯುರಿಯ ಹಾಗೇ ಇತ್ತು.

ಎರಡನೇ ಕಾರಣ, ಮನಸ್ಸು ಯಾವ ಎಳೆಯನ್ನು ಹಿಡಿದು ಬದಲಾಯಿಸುತ್ತದೆ ಎಂಬುದು. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್ಸ್ಕಿ 1982ರಲ್ಲಿ ಒಂದು ಕಾಲ್ಪನಿಕ ಅಪಘಾತದ ಕತೆ ಕೊಟ್ಟು ಜನರನ್ನು ಕೇಳಿದರು. ಸತ್ತ ವ್ಯಕ್ತಿ ಅವತ್ತು ದಿನಾ ಹೋಗುವ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹೋಗಿದ್ದ ಎಂದರೆ, ಹೆಚ್ಚಿನವರು "ಮಾಮೂಲಿ ದಾರಿಯಲ್ಲಿ ಹೋಗಿದ್ದರೆ" ಎಂದರು. ದಿನಾ ಹೊರಡುವ ಹೊತ್ತಿಗಿಂತ ಮೊದಲೇ ಹೊರಟಿದ್ದ ಎಂದರೆ "ಸರಿಯಾದ ಹೊತ್ತಿಗೆ ಹೊರಟಿದ್ದರೆ" ಎಂದರು. ಅಪಘಾತ ಮಾಡಿದ ಇನ್ನೊಬ್ಬ ಚಾಲಕನ ಹೆಸರೆತ್ತಿದವರು ಕಡಿಮೆ. ಅವತ್ತು ಮಾಮೂಲಿಗಿಂತ ಬೇರೆಯಾಗಿ ಏನು ನಡೆಯಿತೋ, ಮನಸ್ಸು ಹೋಗಿ ಅದನ್ನೇ ಹಿಡಿಯುತ್ತದೆ. ಅದೇ ಕಾರಣ ಆಗಿರಬೇಕೆಂದೇನಿಲ್ಲ.

1995ರ ಇನ್ನೊಂದು ಅಧ್ಯಯನ ಕಲ್ಪಿತ ಕತೆಯದ್ದಲ್ಲ. ರಸ್ತೆ ಅಪಘಾತದಲ್ಲಿ ಸಂಗಾತಿಯನ್ನೋ ಮಗುವನ್ನೋ ಕಳೆದುಕೊಂಡವರನ್ನು ಕೆಲವು ವರ್ಷಗಳ ನಂತರ ಮಾತಾಡಿಸಲಾಯಿತು. ಆಗಲೂ ಹಲವರು "ಹಾಗೆ ಮಾಡಿದ್ದರೆ" ಎನ್ನುತ್ತಿದ್ದರು. ಬದಲಾಯಿಸಿ ನೋಡುತ್ತಿದ್ದದ್ದು ತಮ್ಮ ನಡತೆಯನ್ನೇ, ಢಿಕ್ಕಿ ಹೊಡೆದವರದ್ದನ್ನಲ್ಲ. ತಮ್ಮದು ತಪ್ಪಿಲ್ಲ ಎಂದು ತಿಳಿದವರೂ ಹೀಗೇ ಮಾಡುತ್ತಿದ್ದರು. ಓದಿದರೆ ಕರುಳು ಚುರುಕ್ ಅನ್ನುತ್ತದೆ.

ಮೂರನೇ ಕಾರಣವೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು. ತಪ್ಪು ಮಾಡಿದೆ ಎಂದುಕೊಳ್ಳುವುದು ಸಂಕಟ, ನಿಜ. ಆದರೆ ನನ್ನ ಕೈಯಲ್ಲಿ ಏನೂ ಇರಲಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಸಂಕಟ. ನನ್ನ ತಪ್ಪಿನಿಂದ ಹೋದರು ಎಂದರೆ, ತಪ್ಪು ಮಾಡದಿದ್ದರೆ ಜಗತ್ತು ಸುರಕ್ಷಿತ ಎಂಬ ನಂಬಿಕೆಯಾದರೂ ಉಳಿಯುತ್ತದೆ. ಏನೂ ಮಾಡಲಾಗುತ್ತಿರಲಿಲ್ಲ ಎಂದರೆ, ನಾಳೆ ಇನ್ನೊಬ್ಬರನ್ನೂ ಹೀಗೇ ಕಳೆದುಕೊಳ್ಳಬಹುದು ಎಂದು ಒಪ್ಪಬೇಕಾಗುತ್ತದೆ. ಆ ಭಯಕ್ಕಿಂತ ತಪ್ಪಿನ ಹೊರೆಯೇ ವಾಸಿ ಎಂದು ಮನಸ್ಸು ಅದನ್ನು ಹೊತ್ತುಕೊಳ್ಳುತ್ತದೆ. ಸುತ್ತಲಿನವರು "ನಿಂದೇನೂ ತಪ್ಪಿಲ್ಲ" ಎಂದು ಎಷ್ಟು ಸಲ ಹೇಳಿದರೂ ಅದು ನಾಟದೇ ಇರುವುದು ಇದಕ್ಕೇ.

ಹೆಜ್ಜೆ 1: ಪ್ರಶ್ನೆಯನ್ನು ಹಾಳೆಯ ಮೇಲೆ ಇಳಿಸಿ

ತಲೆಯಲ್ಲಿ ಸುತ್ತುವ ಮಾತು ಒಂದೇ ಆಗಿದ್ದರೂ ಸಾವಿರದಷ್ಟು ಅನ್ನಿಸುತ್ತದೆ. ಬರೆದಾಗ ಅದರ ಅಳತೆ ಗೊತ್ತಾಗುತ್ತದೆ. ಬಂದ ಹಾಗೇ ಬರೆಯಿರಿ. "ಮಂಗಳವಾರವೇ ರಜೆ ಹಾಕಿ ಹೋಗಿದ್ದರೆ ಅಪ್ಪ ಉಳಿಯುತ್ತಿದ್ದರು." ಭಾಷೆ ತಿದ್ದಬೇಡಿ. ಯಾರಿಗೂ ತೋರಿಸಬೇಕಾಗಿಲ್ಲ. ಬರೆಯಲು ಆಗದಿದ್ದರೆ ಫೋನಿನಲ್ಲಿ ದನಿ ಮುದ್ರಿಸಿಕೊಳ್ಳಿ.

ಕೆಲವು ದಿನ ಹೀಗೆ ಮಾಡಿದರೆ ಒಂದು ವಿಷಯ ಕಾಣುತ್ತದೆ. ಸಾಮಾನ್ಯವಾಗಿ ಎರಡೋ ಮೂರೋ ಪ್ರಶ್ನೆಗಳು ಬೇರೆ ಬೇರೆ ಬಟ್ಟೆ ಹಾಕಿಕೊಂಡು ಬರುತ್ತಿರುತ್ತವೆ. ಮತ್ತೆ ಬಂದಾಗ "ಇದು ಚೌಕಾಸಿ, ಮಂಗಳವಾರದ್ದು" ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಿ. ಓಡಿಸಬೇಡಿ, ಜೊತೆಗೆ ಓಡಲೂ ಬೇಡಿ. ಗುರುತು ಹಿಡಿದರೆ ಸಾಕು.

ಹೆಜ್ಜೆ 2: ಉತ್ತರ ಇರುವ ಪ್ರಶ್ನೆಯನ್ನು ಬೇರೆ ತೆಗೆಯಿರಿ

ಎಲ್ಲ ಪ್ರಶ್ನೆಗಳೂ ಒಂದೇ ಜಾತಿಯವಲ್ಲ. ಕೆಲವಕ್ಕೆ ನಿಜವಾದ ಉತ್ತರ ಇದೆ, ಯಾರಾದರೂ ಹೇಳಬಲ್ಲರು. "ಆ ಮಾತ್ರೆ ನಿಲ್ಲಿಸಿದ್ದರಿಂದ ಹೀಗಾಯಿತಾ?" "ಒಂದು ವಾರ ಮೊದಲು ಬಂದಿದ್ದರೆ ಚಿಕಿತ್ಸೆ ಬೇರೆ ಇರುತ್ತಿತ್ತಾ?" ಇಂಥವನ್ನು ನೋಡಿಕೊಂಡ ವೈದ್ಯರನ್ನೇ ಕೇಳಿ. ಅವರ ಹತ್ತಿರ ಹೋಗಲು ಮನಸ್ಸಿಲ್ಲದಿದ್ದರೆ ಪರಿಚಯದ ಇನ್ನೊಬ್ಬ ವೈದ್ಯರಿಗೆ ವರದಿಗಳನ್ನು ತೋರಿಸಿ. ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ದುಃಖದಲ್ಲಿ ಕೇಳಿದ ಅರ್ಧ ಮಾತು ಮರೆತುಹೋಗುತ್ತದೆ. ವರ್ಷಗಟ್ಟಲೆ ಕಾಡುವ ಒಂದು ಪ್ರಶ್ನೆ ಹತ್ತು ನಿಮಿಷದ ಮಾತಿನಲ್ಲಿ ಮುಗಿಯಲೂಬಹುದು. ಯಾಕೆ ಕೇಳಬಾರದು?

ಉತ್ತರ ನಿಮಗೆ ಬೇಡದ್ದೇ ಆಗಿರಬಹುದು ಎಂಬ ಭಯ ಇರುತ್ತದೆ. ಅದಕ್ಕೆ ಹೆಜ್ಜೆ 5 ಇದೆ.

ಇನ್ನು ಕೆಲವಕ್ಕೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ. "ಅವತ್ತು ಜಗಳ ಆಡದಿದ್ದರೆ ಅವಳು ಆ ಹೊತ್ತಿಗೆ ಮನೆಯಿಂದ ಹೊರಡುತ್ತಿರಲಿಲ್ಲವಾ?" ಇಂಥವುಗಳಿಗೆ ಮುಂದಿನ ಎರಡು ಹೆಜ್ಜೆ.

ಹೆಜ್ಜೆ 3: ಆ ದಿನ ನಿಮಗೆ ಏನು ಗೊತ್ತಿತ್ತು ಎಂದು ಬರೆಯಿರಿ

ಇದಕ್ಕೆ ಸ್ವಲ್ಪ ಹೊತ್ತು ಬೇಕು. ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ಆ ದಿನ, ಆ ಹೊತ್ತಿಗೆ ನಿಮಗೆ ಗೊತ್ತಿದ್ದದ್ದು. ಬಲಗಡೆ ಆಮೇಲೆ ಗೊತ್ತಾದದ್ದು. ಕಟ್ಟುನಿಟ್ಟಾಗಿ ಇರಿ. ಆಗ ಗೊತ್ತಿರದಿದ್ದ ಒಂದು ಮಾತೂ ಎಡಕ್ಕೆ ಬರಬಾರದು.

ಒಂದು ಉದಾಹರಣೆ ನೋಡಿ. ಅಮ್ಮ ಎರಡು ವಾರದಿಂದ ಸುಸ್ತು ಅನ್ನುತ್ತಿದ್ದರು. ಮಗಳು ಡಾಕ್ಟರ ಹತ್ತಿರ ಹೋಗೋಣ ಎಂದಾಗ ಅಮ್ಮ ಬೇಡ ಎಂದರು. ಒಂದು ತಿಂಗಳ ಹಿಂದಿನ ರಕ್ತ ಪರೀಕ್ಷೆಯಲ್ಲಿ ಏನೂ ತೊಂದರೆ ಇರಲಿಲ್ಲ. ಹಿಂದೆಯೂ ಸುಸ್ತು ಬಂದು ತಾನಾಗಿ ಹೋಗಿತ್ತು. ಮಗಳಿಗೆ ಆಫೀಸಿನಲ್ಲಿ ಬಿಡುವಿರಲಿಲ್ಲ. ಇವೆಲ್ಲ ಎಡಗಡೆ. ಹೃದಯದ ರಕ್ತನಾಳ ಕಟ್ಟಿತ್ತು ಎಂಬುದು, ಹೆಂಗಸರಲ್ಲಿ ಹೃದಯದ ತೊಂದರೆ ಕೆಲವೊಮ್ಮೆ ಎದೆನೋವಿಲ್ಲದೆ ಬರೀ ಸುಸ್ತಾಗಿ ಕಾಣಿಸಿಕೊಳ್ಳುತ್ತದೆ ಎಂಬುದು, ಇವು ಬಲಗಡೆ. ಈಗ ಬಲಗಡೆಯನ್ನು ಕೈಯಿಂದ ಮುಚ್ಚಿ. ಎಡಗಡೆ ಮಾತ್ರ ಓದಿ. ಇಷ್ಟೇ ಗೊತ್ತಿದ್ದ ಬೇರೆ ಮಗಳೊಬ್ಬಳು ಏನು ಮಾಡುತ್ತಿದ್ದಳು? ಅವಳನ್ನು ನೀವು ಕೊಲೆಗಾರ್ತಿ ಅನ್ನುತ್ತೀರಾ?

ಎಡಗಡೆಗೆ ಇನ್ನೂ ಒಂದನ್ನು ಸೇರಿಸಿ. ಆಗ ನಿಮ್ಮ ಮೈ ಮನಸ್ಸು ಹೇಗಿತ್ತು? ನಿದ್ದೆಗೆಟ್ಟಿದ್ದಿರಾ? ಎಳೆ ಮಗು ಇತ್ತಾ? ತಿಂಗಳುಗಟ್ಟಲೆ ಆರೈಕೆ ಮಾಡಿ ಸೋತಿದ್ದಿರಾ? ಆ ರಾತ್ರಿ ಒಂದು ಗಂಟೆ ನಿದ್ದೆ ಮಾಡಲು ಹೋದಾಗಲೇ ಅವರು ಹೋದರು ಎಂದು ಕೊರಗುವವರು ತುಂಬಾ ಜನ. ಪಕ್ಕದಲ್ಲಿ ಕೂತವರು ಎದ್ದು ಹೋದ ಹೊತ್ತಿನಲ್ಲೇ ಪ್ರಾಣ ಹೋಗುವುದು ಅಪರೂಪವೇನಲ್ಲ. ಅದಕ್ಕೆ ಮೊದಲಿನ ಅಷ್ಟೂ ರಾತ್ರಿ ನೀವು ಕೂತಿದ್ದಿರಿ. ಅದನ್ನೂ ಬರೆಯಿರಿ.

ಹೆಜ್ಜೆ 4: ವಾಕ್ಯವನ್ನು ಮುಗಿಸಿ

"ಹಾಗೆ ಮಾಡಿದ್ದರೆ" ಎಂಬ ಮಾತು ಯಾವಾಗಲೂ ಒಂದೇ ಕಡೆ ನಿಲ್ಲುತ್ತದೆ: "ಉಳಿಯುತ್ತಿದ್ದರು." ಮನಸ್ಸು ಅಲ್ಲಿಗೆ ಕತೆ ಮುಗಿಸಿಬಿಡುತ್ತದೆ. ನೀವು ಅಲ್ಲಿಗೆ ನಿಲ್ಲಿಸಬೇಡಿ, ಮುಂದೆ ಏನಾಗಬಹುದಿತ್ತು ಎಂದೂ ಹೇಳಿ. ಬೇರೆ ಆಸ್ಪತ್ರೆಗೆ ಕರೆದೊಯ್ದಿದ್ದರೆ, ದಾರಿ ಉದ್ದವಾಗುತ್ತಿತ್ತು. ದಾರಿಯಲ್ಲೇ ಹೋಗಿದ್ದರೆ? ಆಪರೇಷನ್ ಮಾಡಿಸಿದ್ದರೆ, ಟೇಬಲ್ ಮೇಲೆ ಹೋಗಿದ್ದರೆ? ಆಗ "ಸುಮ್ನೆ ಆಪರೇಷನ್ ಮಾಡಿಸದೆ ಇದ್ದಿದ್ದರೆ" ಎಂದು ಕೊರಗುತ್ತಿದ್ದಿರಿ, ಅಲ್ವಾ? ಎರಡು ದಾರಿಯಲ್ಲಿ ಒಂದನ್ನು ಮಾತ್ರ ನಡೆದು ನೋಡಿದ್ದೀರಿ. ನಡೆಯದ ದಾರಿಯಲ್ಲಿ ಕಲ್ಲುಮುಳ್ಳು ಕಾಣುವುದಿಲ್ಲ.

ನಂತರ ಅದೇ ವಾಕ್ಯದ ಹಿಂದೆ ಇರುವ ಆಸೆಯನ್ನು ಹುಡುಕಿ. "ಆ ಫೋನ್ ಎತ್ತಿದ್ದರೆ" ಎನ್ನುವುದರ ಹಿಂದೆ "ಅವನ ದನಿ ಇನ್ನೊಮ್ಮೆ ಕೇಳಬೇಕಿತ್ತು" ಎಂಬುದಿರುತ್ತದೆ. "ಜಗಳ ಆಡದಿದ್ದರೆ" ಎನ್ನುವುದರ ಹಿಂದೆ "ನಾನು ಅವಳನ್ನು ಎಷ್ಟು ಪ್ರೀತಿಸುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತಾ?" ಎಂಬುದಿರುತ್ತದೆ. ಈ ಎರಡನೇ ವಾಕ್ಯ ಬಂದ ಕೂಡಲೇ ಅಳು ಬರಬಹುದು. ಬರಲಿ. ಅಷ್ಟು ಹೊತ್ತು ತರ್ಕದ ವೇಷ ಹಾಕಿಕೊಂಡಿದ್ದ ದುಃಖ ಈಗ ತನ್ನ ರೂಪದಲ್ಲಿ ಬಂದಿದೆ. ವಿಚಾರಣೆಗೆ ತೀರ್ಪು ಸಿಗುವುದಿಲ್ಲ. ಅಳುವಿಗಾದರೆ ಒಂದು ಬಿಡುವು ಸಿಗುತ್ತದೆ.

ಆ ಆಸೆಗೆ ಈಗಲೂ ಏನಾದರೂ ಮಾಡಬಹುದು. ಹೋದವರಿಗೆ ಪತ್ರ ಬರೆಯಿರಿ. ಹೇಳದೆ ಉಳಿದ ಮಾತು, ಕೇಳಬೇಕಿದ್ದ ಕ್ಷಮೆ, ಸಿಟ್ಟು ಇದ್ದರೆ ಸಿಟ್ಟು, ಋಣ ಇದ್ದರೆ ಋಣ. ಬರೆದು ಮುಗಿದ ಮೇಲೆ, ಆಗುವುದಾದರೆ, ಅವರ ದನಿಯಲ್ಲಿ ನಿಮಗೊಂದು ಉತ್ತರ ಬರೆದು ನೋಡಿ. ಅವರು ಮಾತಾಡುತ್ತಿದ್ದ ಹಾಗೇ ಬರೆಯಿರಿ, ಅವರ ಬೈಗುಳ ಸಮೇತ. ಎಷ್ಟೋ ಜನರಿಗೆ ಅಲ್ಲಿ ಕಾಣುವುದು ನ್ಯಾಯಾಧೀಶರಲ್ಲ, ತಮ್ಮನ್ನು ಬಲ್ಲ ಮನುಷ್ಯ.

ಹೆಜ್ಜೆ 5: ನಿಜವಾಗಿಯೂ ತಪ್ಪಾಗಿದ್ದರೆ

ಹೆಚ್ಚಿನ ಮಾರ್ಗದರ್ಶಿಗಳು ಇದನ್ನು ದಾಟಿ ಹೋಗುತ್ತವೆ. ಎಲ್ಲರಿಗೂ "ನಿಮ್ಮದೇನೂ ತಪ್ಪಿಲ್ಲ" ಎಂದುಬಿಡುತ್ತವೆ. ಕೆಲವೊಮ್ಮೆ ತಪ್ಪು ಇರುತ್ತದೆ. ಗಾಡಿ ಓಡಿಸುತ್ತಿದ್ದದ್ದು ನೀವೇ ಆಗಿರಬಹುದು. ವರ್ಷಗಟ್ಟಲೆ ಮಾತು ಬಿಟ್ಟಿದ್ದಿರಬಹುದು. ಡಾಕ್ಟರು ಹೇಳಿದ್ದನ್ನು ಕಡೆಗಣಿಸಿರಬಹುದು. ಅಂಥವರಿಗೆ "ತಪ್ಪಿಲ್ಲ" ಎನ್ನುವುದು ಸಮಾಧಾನ ಆಗುವುದಿಲ್ಲ. ಇವರಿಗೆ ನನ್ನ ಕಷ್ಟ ಅರ್ಥವಾಗಲಿಲ್ಲ ಅನ್ನಿಸುತ್ತದೆ ಅಷ್ಟೇ.

ಮೊದಲು ತಪ್ಪಿನ ಪಾಲನ್ನು ಹಂಚಿ ನೋಡಿ. ಆಪ್ತಸಮಾಲೋಚಕರು ಬಳಸುವ ವಿಧಾನ ಇದು. ಒಂದು ದೊಡ್ಡ ವೃತ್ತ ಬರೆಯಿರಿ. ನಡೆದದ್ದಕ್ಕೆ ಕಾರಣವಾದ ಎಲ್ಲವನ್ನೂ ಪಟ್ಟಿ ಮಾಡಿ: ಕಾಯಿಲೆ, ವಯಸ್ಸು, ಹವಾಮಾನ, ರಸ್ತೆ, ಬೇರೆಯವರ ನಿರ್ಧಾರ, ಹೋದವರದೇ ನಿರ್ಧಾರ, ಬರೀ ಆಕಸ್ಮಿಕ. ಪ್ರತಿಯೊಂದಕ್ಕೂ ವೃತ್ತದಲ್ಲಿ ಒಂದು ಪಾಲು ಕೊಡಿ. ನಿಮ್ಮ ಪಾಲನ್ನು ಕೊನೆಯಲ್ಲಿ ಹಾಕಿ. ಮೊದಲೇ ಹಾಕಿದರೆ ಇಡೀ ವೃತ್ತ ಅದಕ್ಕೇ ಹೋಗುತ್ತದೆ. ಉಳಿದ ಪಾಲು ಸಣ್ಣದಿರಬಹುದು, ದೊಡ್ಡದೂ ಇರಬಹುದು. ಅದು ಎಷ್ಟಿದೆಯೋ ಅಷ್ಟನ್ನು ಹೊರಿ. ಅದಕ್ಕಿಂತ ಒಂದು ಗುಲಗಂಜಿಯೂ ಜಾಸ್ತಿ ಬೇಡ.

ಇನ್ನೊಂದು ಭೇದವನ್ನೂ ನೋಡಬೇಕು. ಕೆಟ್ಟದ್ದಾಗಲಿ ಎಂದು ಮಾಡಿದ್ದು ಬೇರೆ, ಅಜಾಗರೂಕತೆ ಬೇರೆ, ಒಳ್ಳೆಯದಾಗಲಿ ಎಂದು ಮಾಡಿದ್ದು ಕೆಟ್ಟದ್ದಾದದ್ದು ಬೇರೆ. ಮೂರಕ್ಕೂ ಒಂದೇ ಶಿಕ್ಷೆ ಕೊಡುವುದು ನ್ಯಾಯವಲ್ಲ.

ಆ ಪಾಲಿಗೆ ನೀವು ಮಾಡಬಹುದಾದದ್ದು ಇದೆ. ಅದನ್ನು ಒಬ್ಬರ ಮುಂದೆ ಬಾಯಿಬಿಟ್ಟು ಒಪ್ಪಿಕೊಳ್ಳುವುದು ಮೊದಲನೆಯದು. ನಿಮ್ಮನ್ನು ಕೂಡಲೇ ಸಮಾಧಾನ ಮಾಡಲು ಹೊರಡದ, ಬೈಯದ ಒಬ್ಬರನ್ನು ಆರಿಸಿಕೊಳ್ಳಿ. ನಿಮ್ಮಂತೆ ನೊಂದ ಇನ್ನೊಬ್ಬರಿದ್ದರೆ, ಅವರು ಕೇಳಲು ತಯಾರಿದ್ದರೆ, ಕ್ಷಮೆ ಕೇಳಿ. ಇನ್ನು ಮುಂದೆ ಬದಲಾಗಬೇಕಾದ್ದು ಏನಿದೆ, ಅದನ್ನು ಬದಲಾಯಿಸಿ. ಕುಡಿದು ಗಾಡಿ ಓಡಿಸದಿರುವುದು, ಮಾತು ಬಿಟ್ಟಿರುವ ಇನ್ನೊಬ್ಬ ಅಣ್ಣನಿಗೆ ಇವತ್ತೇ ಫೋನ್ ಮಾಡುವುದು. ಜೀವನಪೂರ್ತಿ ತನ್ನನ್ನು ತಾನು ಹಿಂಸಿಸಿಕೊಳ್ಳುವುದು ಪ್ರಾಯಶ್ಚಿತ್ತದ ಹಾಗೆ ಕಂಡರೂ ಅದರಿಂದ ಯಾರಿಗೂ ಏನೂ ಸಲ್ಲುವುದಿಲ್ಲ.

ಹೆಜ್ಜೆ 6: ದೇವರ ಜೊತೆ ಮಾಡಿಕೊಂಡ ಒಪ್ಪಂದಗಳು

ಹರಕೆ ಹೊತ್ತಿದ್ದಿರಿ, ಆದರೂ ಹೋದರು. ಈಗ ಎರಡು ಪ್ರಶ್ನೆ ಕಾಡುತ್ತವೆ. ನನ್ನ ಭಕ್ತಿ ಸಾಲಲಿಲ್ಲವಾ? ದೇವರು ಮೋಸ ಮಾಡಿದನಾ? ಮೊದಲನೆಯದು ಮತ್ತೆ ಚೌಕಾಸಿಯೇ. "ಇನ್ನೂ ಗಟ್ಟಿಯಾಗಿ ಬೇಡಿದ್ದರೆ" ಎಂಬ ಮಾತು ಅದು. ಎರಡನೆಯದು ಸಿಟ್ಟು. ಅದನ್ನು ಅದುಮಿಡಬೇಡಿ. ನಂಬಿಕೆ ಇರುವವರು ದೇವರ ಮೇಲೆ ಸಿಟ್ಟಾಗುವುದು ಹೊಸದೇನಲ್ಲ. ನಿಮಗೆ ಗೌರವ ಇರುವ ಒಬ್ಬ ಹಿರಿಯರ ಹತ್ತಿರ, ಧರ್ಮಗುರುಗಳ ಹತ್ತಿರ ಬಿಚ್ಚಿ ಮಾತಾಡಿ. ಆದರೆ "ನಿಮ್ಮ ಪಾಪದ ಫಲ" ಎನ್ನುವವರಿಂದ ದೂರ ಇರಿ. ಅದನ್ನು ಕೇಳುವ ಸ್ಥಿತಿಯಲ್ಲಿ ನೀವಿಲ್ಲ. ಕೇಳಬೇಕಾದ ಅಗತ್ಯವೂ ಇಲ್ಲ.

ಹರಕೆಯಲ್ಲಿ ಮೈಗೆ ಕಷ್ಟ ಕೊಡುವ ಮಾತು ಇದ್ದರೆ, ಅನ್ನ ಬಿಡುವುದು, ಔಷಧಿ ಬಿಡುವುದು ಇಂಥದ್ದು, ಅದನ್ನು ಒಬ್ಬರೇ ನಡೆಸಿಕೊಂಡು ಹೋಗಬೇಡಿ. ಮನೆಯವರಿಗೆ ತಿಳಿಸಿ, ಬದಲಿ ದಾರಿ ಕೇಳಿ.

ಹೆಜ್ಜೆ 7: ಅದಕ್ಕೊಂದು ಹೊತ್ತು ಗೊತ್ತುಮಾಡಿ

ಇಡೀ ದಿನ ಬರುವ ಯೋಚನೆಗೆ ಹಗಲಿನಲ್ಲಿ ಅರ್ಧ ಗಂಟೆ ಮೀಸಲಿಡಿ. ಮಲಗುವ ಹೊತ್ತಿಗೆ ಹತ್ತಿರ ಬೇಡ. ಆ ಹೊತ್ತಿನಲ್ಲಿ ಮೇಲಿನ ಬರವಣಿಗೆ ಮಾಡಿ, ಫೋಟೋ ನೋಡಿ, ಅಳಿ. ಬೇರೆ ಹೊತ್ತಿನಲ್ಲಿ ಬಂದರೆ "ಸಂಜೆ ಐದಕ್ಕೆ ನೋಡೋಣ" ಎಂದು ಮುಂದೂಡಿ. ಶುರುವಿನಲ್ಲಿ ಮನಸ್ಸು ಕೇಳುವುದಿಲ್ಲ. ಕೆಲವು ದಿನ ಬೇಕು. ರಾತ್ರಿ ಎಚ್ಚರವಾಗಿ ವಿಚಾರಣೆ ಶುರುವಾದರೆ ಹಾಸಿಗೆಯಲ್ಲೇ ಹೊರಳಾಡಬೇಡಿ. ಎದ್ದು ಬೇರೆ ಕಡೆ ಕೂತು, ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದಿಟ್ಟು, ನಿದ್ದೆ ಬಂದಾಗ ಮರಳಿ.

ಇದು ದುಃಖವನ್ನು ತಪ್ಪಿಸಿಕೊಳ್ಳುವ ಉಪಾಯವಲ್ಲ. ದುಃಖದ ಬಗ್ಗೆ ಸಂಶೋಧನೆ ಮಾಡಿದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಮಂಡಿಸಿದ ವಿಚಾರದ ಪ್ರಕಾರ, ದುಃಖಿಸುವವರು ನೋವಿನ ಕಡೆಗೂ ಬದುಕಿನ ಕಡೆಗೂ ಹೋಗಿ ಬಂದು ಮಾಡುತ್ತಿರುತ್ತಾರೆ. ಹಾಗೆ ಓಡಾಡುವುದೇ ಆರೋಗ್ಯ. ಮಧ್ಯಾಹ್ನ ಗೆಳತಿಯ ಮಾತಿಗೆ ನಕ್ಕರೆ ಹೋದವರಿಗೆ ದ್ರೋಹ ಮಾಡಿದಂತಲ್ಲ.

ಸಂಬಂಧ ಮುರಿದಾಗಿನ ಚೌಕಾಸಿ

ಇಲ್ಲಿ ಅಪಾಯ ಬೇರೆ. ಎದುರಿನವರು ಬದುಕಿದ್ದಾರೆ, ಅವರ ನಂಬರ್ ಇದೆ. ಆದ್ದರಿಂದ ಚೌಕಾಸಿ ತಲೆಯಲ್ಲೇ ಉಳಿಯದೆ ಮೆಸೇಜಾಗಿ ಹೊರಡುತ್ತದೆ. ಕಳಿಸುವ ಮೊದಲು ಒಂದು ದಿನ ಬಿಡಿ. ಬೆಳಕಿನಲ್ಲಿ ಮತ್ತೆ ಓದಿ. ಅದರಲ್ಲಿ ನಿಮ್ಮ ಬದುಕಿನ ಎಷ್ಟು ಭಾಗವನ್ನು ಒತ್ತೆ ಇಡುತ್ತಿದ್ದೀರಿ ಎಂದು ನೋಡಿ. ಕೆಲಸ ಬಿಡುತ್ತೇನೆ, ಗೆಳೆಯರನ್ನು ಬಿಡುತ್ತೇನೆ, ನೀನು ಹೊಡೆದರೂ ಪರವಾಗಿಲ್ಲ ಎಂಬ ಮಾತುಗಳಿದ್ದರೆ ಅದನ್ನು ಕಳಿಸಬೇಡಿ, ನಂಬಿಕೆಯ ಒಬ್ಬರಿಗೆ ಓದಿ ಹೇಳಿ. ಒಮ್ಮೆ ಸ್ಪಷ್ಟವಾಗಿ ಬೇಡ ಎಂದವರನ್ನು ಮತ್ತೆ ಮತ್ತೆ ಕೇಳುವುದು ಅವರಿಗೂ ಹಿಂಸೆ.

ಮಕ್ಕಳಲ್ಲಿ

ಚಿಕ್ಕ ಮಕ್ಕಳು ತಮ್ಮ ಯೋಚನೆಯಿಂದಲೇ ಲೋಕದಲ್ಲಿ ಏನಾದರೂ ಆಗುತ್ತದೆ ಎಂದು ನಂಬುತ್ತಾರೆ. "ತಮ್ಮ ಬೇಡ ಅಂದಿದ್ದೆ, ಅದಕ್ಕೇ ಅವನು ಸತ್ತ." "ನಾನು ಜಾಣ ಆದರೆ ಅಜ್ಜಿ ಬರ್ತಾಳಾ?" ಹೇಳಿಕೊಳ್ಳದೇ ಇರುವ ಮಕ್ಕಳೂ ತುಂಬಾ. ಆದ್ದರಿಂದ ಅವರು ಕೇಳುವವರೆಗೆ ಕಾಯಬೇಡಿ. "ನೀನು ಹೇಳಿದ್ದರಿಂದಾಗಲಿ, ಮಾಡಿದ್ದರಿಂದಾಗಲಿ, ಅಂದುಕೊಂಡದ್ದರಿಂದಾಗಲಿ ಹೀಗಾಗಲಿಲ್ಲ" ಎಂದು ನೇರವಾಗಿ ಹೇಳಿ. ಹಲವು ಸಲ ಹೇಳಿ. ಸತ್ತಿದ್ದಾರೆ ಎಂದೇ ಹೇಳಿ. ಮಲಗಿದ್ದಾರೆ, ಊರಿಗೆ ಹೋಗಿದ್ದಾರೆ ಎಂದರೆ ಮಗು ಕಾಯುತ್ತಲೇ ಇರುತ್ತದೆ. ಮಲಗಲು ಹೆದರಲೂಬಹುದು.

ಯಾವಾಗ ಬೇರೆಯವರ ಸಹಾಯ ಬೇಕು

"ಅವರ ಬದಲು ನನ್ನನ್ನಾದರೂ ಕರೆದುಕೊಂಡು ಹೋಗಬಾರದಿತ್ತಾ" ಎಂಬ ಮಾತು ದುಃಖದಲ್ಲಿ ಬರುತ್ತದೆ. ಆದರೆ ಅದು "ನಾನೂ ಹೋಗುತ್ತೇನೆ" ಆಗಿ, ಹೇಗೆ, ಯಾವಾಗ ಎಂಬ ಯೋಚನೆ ಶುರುವಾದರೆ ಒಂದು ದಿನವೂ ಕಾಯಬೇಡಿ. ಹತ್ತಿರ ಇರುವವರಿಗೆ ಈಗಲೇ ಹೇಳಿ, ಒಬ್ಬರೇ ಇರಬೇಡಿ, ಆಸ್ಪತ್ರೆಯ ತುರ್ತು ವಿಭಾಗಕ್ಕೋ ನಿಮ್ಮಲ್ಲಿರುವ ಸಹಾಯವಾಣಿಗೋ ಕರೆ ಮಾಡಿ. ಆತ್ಮಹತ್ಯೆಯಿಂದ ಒಬ್ಬರನ್ನು ಕಳೆದುಕೊಂಡವರಿಗೆ "ಗೊತ್ತಾಗಬೇಕಿತ್ತು" ಎಂಬ ಕೊರಗು ಎಲ್ಲರಿಗಿಂತ ಜಾಸ್ತಿ. ಅವರು ಶುರುವಿನಿಂದಲೇ ಆಪ್ತಸಮಾಲೋಚಕರ ಜೊತೆ ಇರುವುದು ಒಳ್ಳೆಯದು.

ತಿಂಗಳುಗಳು ಕಳೆದರೂ ಹಂಬಲ, ಕೊರಗು ಒಂದಿಷ್ಟೂ ಸಡಿಲವಾಗದೆ, ದಿನನಿತ್ಯದ ಬದುಕೇ ನಿಂತುಹೋಗಿದ್ದರೆ ಅದನ್ನು ದೀರ್ಘಕಾಲದ ದುಃಖದ ತೊಂದರೆ ಎಂದು ಈಗ ಗುರುತಿಸುತ್ತಾರೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಇದಕ್ಕೆ ಕನಿಷ್ಠ 6 ತಿಂಗಳ ಮಿತಿ ಇದೆ. ಅದೇ ವರ್ಷ ಅಮೆರಿಕದ ಮನೋವೈದ್ಯರ ಸಂಘ ಮಾನಸಿಕ ತೊಂದರೆಗಳನ್ನು ಗುರುತಿಸುವ ತನ್ನ ಕೈಪಿಡಿಗೆ ಇದನ್ನು ಸೇರಿಸಿತು. ಅಲ್ಲಿ ದೊಡ್ಡವರಿಗೆ 12 ತಿಂಗಳು. ಇದಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆ ಇದೆ, ಅದು ಕೆಲಸವನ್ನೂ ಮಾಡುತ್ತದೆ. 6 ತಿಂಗಳು ಆಗಲಿ ಎಂದು ಕಾಯಲೇಬೇಕಾಗಿಲ್ಲ. ತಡೆಯಲಾಗುತ್ತಿಲ್ಲ ಎಂದರೆ ಅದೇ ಸಾಕಷ್ಟು ಕಾರಣ.

ಜೊತೆಗಿರುವವರಿಗೆ

ನಿಮ್ಮ ಗೆಳತಿ ಹತ್ತನೇ ಸಲ "ಒಂದು ದಿನ ಮೊದಲು ಕರೆದುಕೊಂಡು ಹೋಗಿದ್ದರೆ" ಎನ್ನುತ್ತಾಳೆ. "ಅದನ್ನೆಲ್ಲ ಯೋಚಿಸಬೇಡ", "ಹಣೆಬರಹ", "ಆಗಿದ್ದೆಲ್ಲ ಒಳ್ಳೆಯದಕ್ಕೇ" ಎಂಬ ಮಾತು ನಾಲಿಗೆ ತುದಿಗೆ ಬರುತ್ತದೆ. ತಡೆಯಿರಿ. ಆ ಮಾತುಗಳು ಅವಳ ಬಾಯಿ ಮುಚ್ಚಿಸುತ್ತವೆ, ಪ್ರಶ್ನೆಯನ್ನಲ್ಲ. ಬದಲಿಗೆ ಕೇಳಿ: "ಆ ದಿನ ಏನೇನಾಯ್ತು, ಮೊದಲಿಂದ ಹೇಳು." ಅವಳು ಹೇಳುವಾಗ ಅವಳು ಮಾಡಿದ್ದು ನಿಮ್ಮ ಕಣ್ಣಿಗೆ ಬೀಳುತ್ತದೆ. ಯಾರಿಗೆ ಫೋನ್ ಮಾಡಿದಳು, ಹೇಗೆ ಎತ್ತಿ ಕೂರಿಸಿದಳು, ದಾರಿಯುದ್ದಕ್ಕೂ ಕೈ ಹಿಡಿದಿದ್ದಳು. ಅವಳಿಗೆ ಅದು ಕಾಣುತ್ತಿಲ್ಲ. ಮುಗಿದ ಮೇಲೆ ಅದನ್ನು ಹೇಳಿ: "ಅಷ್ಟು ಹೊತ್ತೂ ನೀನು ಅವರ ಕೈ ಹಿಡಿದುಕೊಂಡೇ ಇದ್ದೆ ಅಲ್ವಾ." ಅಷ್ಟೇ ಹೇಳಿ. ಹನ್ನೊಂದನೇ ಸಲ ಹೇಳಿದಾಗಲೂ ಕೇಳಿ.